ಅಣ್ಣ ತಂಗಿ ಇಬ್ಬರಿಗೂ ಒಂದೇ ಗೇಮ್ ಕನ್ಸೋಲ್: ಶಿವಮೊಗ್ಗದ ಒಂದು ಮನೆಯ ಪ್ರಕರಣ

ಇದು ನನ್ನ ತಂಗಿ ಮನೆ ವಿಷ್ಯ. ಶಿವಮೊಗ್ಗದಲ್ಲಿ ಇರೋದು, ಮನೇಲಿ ಒಟ್ಟು ಆರು ಜನ, ತಂಗಿ, ಅವಳ ಗಂಡ, ಅತ್ತೆ ಮಾವ, ಆಮೇಲೆ ಇಬ್ಬರು ಮಕ್ಕಳು. ದೊಡ್ಡೋನಿಗೆ ಆಗ 11 ವರ್ಷ, ಚಿಕ್ಕೋಳಿಗೆ 7, ಎರಡನೇ ಕ್ಲಾಸು. 2024ರ ದಸರಾ ರಜೆಯಲ್ಲಿ ನಾನು ಅಲ್ಲಿಗೆ ಹೋದಾಗ ತಂಗಿ ಅಡುಗೆಮನೇಲೇ ನಿಂತ್ಕೊಂಡು "ಅಣ್ಣಾ, ಮಕ್ಕಳಿಗೆ ಒಂದು ಒಳ್ಳೇ ವಿಡಿಯೋ ಗೇಮ್ ಯಾವ್ದು ಅಂತ ನೋಡಿ ಹೇಳು, ಈ ಫೋನಿನ ಕಾಟ ನಂಗೆ ಸಾಕಾಗಿದೆ" ಅಂದ್ಲು. ಅಲ್ಲಿಂದ ಶುರುವಾಗಿದ್ದು ಸುಮಾರು ಎಂಟು ತಿಂಗಳು ನಡೀತು. ಅದನ್ನ ಪೂರ್ತಿ ಬರೀತಿದ್ದೀನಿ, ಯಾಕಂದ್ರೆ ಇದೇ ಪ್ರಶ್ನೆ ನನ್ನನ್ನ ಆಫೀಸಲ್ಲೂ ಮೂರ್ನಾಲ್ಕು ಜನ ಕೇಳಿದ್ದಾರೆ, ಎಲ್ಲರಿಗೂ ಅರ್ಧಂಬರ್ಧ ಹೇಳಿ ಹೇಳಿ ನಂಗೇ ಬೇಜಾರಾಗಿದೆ.

ಮೊದ್ಲು ಫೋನಿನ ಕಾಟ ಅಂದ್ರೆ ಏನು ಅಂತ. ಮನೇಲಿ ಮಕ್ಕಳ ಕೈಗೆ ಸಿಗೋದು ತಂಗಿ ಫೋನ್ ಒಂದೇ. ಅದ್ರಲ್ಲಿ ಹಾಕಿರೋದೆಲ್ಲ ಫ್ರೀ ಗೇಮು, ಎರಡು ನಿಮಿಷ ಆಡಿದ್ರೆ ಅರ್ಧ ನಿಮಿಷ ಆ್ಯಡ್, ಆ್ಯಡ್ ಮುಚ್ಚೋ ಆ ಸಣ್ಣ ಗುಣಾಕಾರ ಚಿಹ್ನೆ ಮಕ್ಕಳ ಬೆರಳಿಗೆ ಸಿಗಲ್ಲ, ಒತ್ತಿದ್ರೆ ಇನ್ನೊಂದು ಗೇಮಿನ ಪೇಜ್ ತೆರ್ಕೊಳತ್ತೆ. ಒಂದ್ಸಲ ಚಿಕ್ಕೋಳು ಗೊಂಬೆಗೆ ಬಟ್ಟೆ ತೊಡಿಸೋ ಯಾವ್ದೋ ಗೇಮಲ್ಲಿ ವಜ್ರ ವಜ್ರ ಅಂತ ಒತ್ತಿ 1,900 ರೂಪಾಯಿ ಹೋಗಿತ್ತು. ನಾನು ಎರಡು ದಿನ ಸುಮ್ನೆ ಪಕ್ಕದಲ್ಲಿ ಕೂತ್ಕೊಂಡು ನೋಡ್ದೆ, ಯಾರು ಏನು ಆಡ್ತಾರೆ, ಎಲ್ಲಿ ಜಗಳ ಆಗತ್ತೆ ಅಂತ. ದೊಡ್ಡೋನಿಗೆ ಓಟ, ಪೈಪೋಟಿ, ಗೆಲ್ಲೋದು. ಚಿಕ್ಕೋಳಿಗೆ ಜೋಡ್ಸೋದು, ಅಲಂಕಾರ ಮಾಡೋದು. ಜಗಳ ಆಗ್ತಿದ್ದಿದ್ದು ಗೇಮಿಗಲ್ಲ, ಫೋನ್ ಅನ್ನೋದು ಒಬ್ಬರ ಕೈಯ ವಸ್ತು ಅನ್ನೋದಕ್ಕೆ. ಒಬ್ಬರು ಆಡುವಾಗ ಇನ್ನೊಬ್ಬರು ಭುಜದ ಮೇಲಿಂದ ಇಣುಕಿ ನೋಡ್ತಾ "ಆಯ್ತಾ, ಆಯ್ತಾ" ಅಂತ ಕಾಯ್ತಾ ಕೂರೋದು, ಅದು ಐದು ನಿಮಿಷಕ್ಕೆ ಎಳೆದಾಟಕ್ಕೆ ಬರೋದು. ಇದನ್ನ ನೋಡಿದ ಮೇಲೆ ನನ್ನ ತಲೇಲಿ ಒಂದು ಸ್ಪಷ್ಟ ಆಯ್ತು, ಈ ಮನೆಗೆ ಬೇಕಿರೋದು ಇಬ್ಬರೂ ಅಕ್ಕಪಕ್ಕ ಕೂತು ಆಡೋ ಮಷೀನು, ಇಬ್ಬರನ್ನ ಎರಡು ಮೂಲೆಗೆ ಕೂರಿಸೋ ಮಷೀನಲ್ಲ.

ಅಜ್ಜನಿಗೆ ಈ ಯೋಚನೇನೇ ಇಷ್ಟ ಇರ್ಲಿಲ್ಲ. "ನೋಡಪ್ಪಾ, ಟಿವಿ ಇದೆ, ಫೋನ್ ಇದೆ, ಮೂರನೇ ಸ್ಕ್ರೀನ್ ಒಂದು ತರ್ಬೇಕಾ" ಅಂದ್ರು. ಆ ಮಾತನ್ನ ನಾನು ತಳ್ಳಿ ಹಾಕಲ್ಲ. ಐದು ವರ್ಷದ ಒಳಗಿನ ಮಕ್ಕಳಿಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ನೇರವಾಗಿದೆ, ಎರಡರಿಂದ ನಾಲ್ಕು ವರ್ಷದೋರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡ್ಮೆ ಆದಷ್ಟೂ ಒಳ್ಳೇದು ಅಂತ. ನಮ್ಮ ಮಕ್ಕಳಿಬ್ಬರೂ ಆ ವಯಸ್ಸು ದಾಟಿದ್ದಾರೆ, ಆದ್ರೂ ಅಜ್ಜನ ಮಾತಿಗೆ ಬೆಲೆ ಕೊಟ್ಟು ಒಂದು ಒಪ್ಪಂದ ಮಾಡ್ಕೊಂಡ್ವಿ, ಹೊಸದು ಬಂದ ದಿನದಿಂದ ಫೋನಲ್ಲಿರೋ ಎಲ್ಲಾ ಗೇಮೂ ಡಿಲೀಟ್, ಅಂದ್ರೆ ಒಂದು ಬರತ್ತೆ ಒಂದು ಹೋಗತ್ತೆ. ಅಜ್ಜ ಅದಕ್ಕೆ ಒಪ್ಪಿದ್ರು. ಬಜೆಟ್ 30 ಸಾವಿರ ಅಂತ ತಂಗಿ ಗಂಡ ಹೇಳಿದ್ರು. ಅವರ ತಮ್ಮ, ಮಕ್ಕಳ ಚಿಕ್ಕಪ್ಪ, ನ್ಯೂಜೆರ್ಸಿಯಲ್ಲಿದ್ದಾರೆ, ಡಿಸೆಂಬರ್ ಕೊನೆಗೆ ಊರಿಗೆ ಬರೋರಿದ್ರು, ಅಲ್ಲಿಂದ ತರಿಸ್ಕೋಬಹುದು ಅನ್ನೋದು ಒಂದು ದೊಡ್ಡ ಅನುಕೂಲ.

ಇನ್ನು ಮುಂದಿದ್ದ ದಾರಿಗಳು.

ಎಲ್ಲಕ್ಕಿಂತ ಅಗ್ಗದ್ದು ನಮ್ಮ ಪೇಟೇಲೇ ಸಿಗೋ 400 ಇನ್ 1 ಡಬ್ಬಿ. ಐನೂರು ಆರುನೂರು ರೂಪಾಯಿಗೆ ಸಿಗತ್ತೆ, ಮೂರು ಇಂಚಿನ ಸ್ಕ್ರೀನು, ಹಿಂದೆ ಹಳೇ ನೋಕಿಯಾ ಫೋನಿಗೆ ಹಾಕ್ತಿದ್ವಲ್ಲ ಆ ಸೈಜಿನ ಬ್ಯಾಟರಿ. ಅದ್ರಲ್ಲಿರೋದು 80ರ ದಶಕದ ಗೇಮುಗಳ ಲೈಸೆನ್ಸ್ ಇಲ್ಲದ ನಕಲು. ನಾವು ಚಿಕ್ಕೋರಿದ್ದಾಗ ಟಿವಿಗೆ ಸಿಕ್ಕಿಸಿ ಕ್ಯಾಸೆಟ್ ಊದಿ ಊದಿ ಹಾಕ್ತಿದ್ವಲ್ಲ, ಅವೇ. ತಂಗಿ ಹಿಂದಿನ ವರ್ಷ ಇಂಥದೊಂದು ತಂದಿದ್ಲು, ಮೂರನೇ ವಾರಕ್ಕೆ ಬಟನ್ ಒಳಗೆ ಕೂತ್ಬಿಡ್ತು, ಎರಡನೇ ತಿಂಗಳಿಗೆ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದು ಬಂತು. ಬ್ಯಾಟರಿ ಉಬ್ಬಿದ್ದನ್ನ ಮಕ್ಕಳ ಹಾಸಿಗೆ ಮೇಲೆ ನೋಡಿದ ಮೇಲೆ ಆ ಕಡೆ ಮತ್ತೆ ತಿರುಗಿ ನೋಡೋ ಪ್ರಶ್ನೇನೇ ಇಲ್ಲ. ಇನ್ನೊಂದು ಕೊರತೆ ಏನಂದ್ರೆ ಅದ್ರಲ್ಲಿ ಸೇವ್ ಅನ್ನೋದೇ ಇರ್ಲಿಲ್ಲ, ಪ್ರತಿ ದಿನ ಮೊದಲಿಂದ ಶುರು, ಹಾಗಾಗಿ ಮಗು ಅರ್ಧಕ್ಕೆ ಬಿಟ್ಟು ಏಳಲ್ಲ, ಬಿಟ್ರೆ ಎಲ್ಲಾ ಹೋಗತ್ತಲ್ಲ. "ಸಾಕು ಏಳು" ಅನ್ನೋದು ಜಗಳ ಆಗೋದಕ್ಕೆ ಇದೂ ಒಂದು ಕಾರಣ ಅಂತ ನಂಗೆ ಆಗ್ಲೇ ಹೊಳೆದಿದ್ದು.

ಹಳೇ ಗೇಮುಗಳನ್ನ ಸಾವಿರಗಟ್ಟಲೆ ತುಂಬಿ ಕೊಡೋ ಚೀನಾದ ಆಂಡ್ರಾಯ್ಡ್ ಡಬ್ಬಿಗಳೂ ಇವೆ. ದೊಡ್ಡೋರು ಗೊತ್ತಿದ್ದು ತಗೊಳ್ಳೋದು ಬೇರೆ ಮಾತು. ಮಕ್ಕಳಿಗೆ ಬೇಡ, ಕಾರ್ಡಲ್ಲಿ ಏನೇನು ತುಂಬಿದ್ದಾರೆ ಅಂತ ಕೂತು ನೋಡೋರು ಯಾರು, ಮೇಲಾಗಿ ಎಲ್ಲಾ ಕದ್ದ ಕಾಪಿ.

ಮೂರನೇದು ಪುಕ್ಕಟೆ ಬರ್ತಿತ್ತು, ಅದಕ್ಕೇ ತುಂಬಾ ಹೊತ್ತು ಯೋಚನೆ ಮಾಡಿದ್ದು. ಚಿಕ್ಕಪ್ಪನ ಮಕ್ಕಳು ಆಡಿ ಬಿಟ್ಟ ನಿಂಟೆಂಡೊ 3ಡಿಎಸ್ ಒಂದಿತ್ತು, ಪುಸ್ತಕದ ಹಾಗೆ ಮಡಚೋದು. ಮಕ್ಕಳ ಕೈಗೆ ಅದರ ಆಕಾರ ಬಹಳ ಚೆನ್ನ, ಮಡಚಿದ್ರೆ ಸ್ಕ್ರೀನ್ ಒಳಗೆ ಹೋಗ್ಬಿಡತ್ತೆ, ಬ್ಯಾಗಲ್ಲಿ ಹಾಕಿದ್ರೂ ಗೀರು ಬೀಳಲ್ಲ. ಆದ್ರೆ 3ಡಿಎಸ್‌ಗೆ ರೀಜನ್ ಲಾಕ್ ಇದೆ, ಅಮೆರಿಕದ ಮಷೀನಿಗೆ ಅಮೆರಿಕದ ಗೇಮ್ ಕಾರ್ಡೇ ಆಗ್ಬೇಕು. ತಯಾರಿಕೆ 2020ರಲ್ಲೇ ನಿಂತಿದೆ, ಅದರ ಆನ್‌ಲೈನ್ ಅಂಗಡಿ 2023ರ ಮಾರ್ಚಲ್ಲಿ ಮುಚ್ಚಿದೆ, 2024ರ ಏಪ್ರಿಲ್ಲಲ್ಲಿ ಆನ್‌ಲೈನ್ ಆಟಾನೂ ನಿಂತಿದೆ. ಅಂದ್ರೆ ಕೈಯಲ್ಲಿರೋ ಕಾರ್ಡ್ ಎಷ್ಟೋ ಅಷ್ಟೇ ಗೇಮು. ಅವರ ಹತ್ರ ಉಳ್ದಿದ್ದು ಎರಡೇ ಕಾರ್ಡು. ಒಂದು ಹತ್ತು ಕಾರ್ಡ್ ಇದ್ದಿದ್ರೆ, ಮನೇಲಿ ಒಂದೇ ಮಗು ಇದ್ದಿದ್ರೆ, ನಾನು ಕಣ್ಣು ಮುಚ್ಚಿ ಅದನ್ನೇ ತಗೊಳಿ ಅಂತಿದ್ದೆ. ಒಂದು ಎಚ್ಚರ ಮಾತ್ರ, ಅದರ 3ಡಿ ಎಫೆಕ್ಟನ್ನ ಆರು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಬಳಸ್ಬೇಡಿ ಅಂತ ಕಂಪನಿಯೇ ಹೇಳಿದೆ, ಪೇರೆಂಟಲ್ ಸೆಟ್ಟಿಂಗಲ್ಲಿ ಆಫ್ ಮಾಡ್ಬಹುದು.

ನಾಲ್ಕನೇದು ದೊಡ್ಡೋನ ಆಸೆ. ಅವ್ನು ವಿಡಿಯೋ ನೋಡಿ ನೋಡಿ "ಮಾಮ, ಸ್ಟೀಮ್ ಡೆಕ್ ತಗೊಳ್ಳೋಣ" ಅಂತ ಕೂತಿದ್ದ. ಅದು ಕಂಪ್ಯೂಟರ್ ಗೇಮುಗಳನ್ನ ಕೈಯಲ್ಲಿ ಹಿಡ್ಕೊಂಡು ಆಡೋ ಮಷೀನು, ಭಾರತದಲ್ಲಿ ಅಧಿಕೃತವಾಗಿ ಮಾರಲ್ಲ. ಅದೇ ಜಾತಿಯ ಆರ್‌ಒಜಿ ಅಲೈ 2023ರಲ್ಲಿ ಇಲ್ಲಿಗೆ ಬಂದಾಗ 69,990 ರೂಪಾಯಿ. ದುಡ್ಡಿನ ಲೆಕ್ಕ ಅಲ್ಲಿಗೇ ಮುಗೀತು, ಆದ್ರೆ ದುಡ್ಡಿಲ್ಲ ಅಂತ ಹೇಳಿದ್ರೆ ಹುಡುಗನಿಗೆ ಅದು ಬರೀ ದುಡ್ಡಿನ ಮಾತಾಗತ್ತೆ, ಅವನ ಪುಟ್ಟ ತಂಗಿಯ ಕೈಗೆ ಅದು ಭಾರ ಅನ್ನೋದು ಅವನ ಲೆಕ್ಕಕ್ಕೇ ಬರಲ್ಲ. ಅದಕ್ಕೆ ಒಂದು ಪರೀಕ್ಷೆ ಮಾಡಿದ್ವಿ.

ಸ್ಟೀಮ್ ಡೆಕ್ ಮೊದಲ ಮಾಡೆಲ್ ತೂಕ 669 ಗ್ರಾಂ, ಓಲೆಡ್ ಸ್ಕ್ರೀನಿನ ಮಾಡೆಲ್ 640. ಆಗ ನಂದಿನಿ ಅರ್ಧ ಲೀಟರ್ ಪ್ಯಾಕೆಟಲ್ಲಿ 50 ಎಂಎಲ್ ಜಾಸ್ತಿ ಹಾಕಿ 550 ಎಂಎಲ್ ಕೊಡ್ತಿದ್ರು, ಅಡುಗೆಮನೆ ತಕ್ಕಡೀಲಿ ಇಟ್ರೆ 570 ಗ್ರಾಂ ಹತ್ರ. ಅಂದ್ರೆ ಆ ಮಷೀನಿಗಿಂತ ಹಗುರಾನೇ. ಪ್ಯಾಕೆಟನ್ನ ಒಂದು ಕವರಲ್ಲಿ ಸುತ್ತಿ ಚಿಕ್ಕೋಳ ಕೈಗೆ ಕೊಟ್ಟು "ಎರಡೂ ಕೈಯಲ್ಲಿ ಹೀಗೆ ಹಿಡ್ಕೊಂಡು ಕಾರ್ಟೂನ್ ನೋಡು ಪುಟ್ಟಿ" ಅಂದೆ. ಮೊದಲು ಮುಖದ ಮಟ್ಟಕ್ಕೆ ಹಿಡಿದ್ಲು, ಆಮೇಲೆ ಮೊಣಕೈ ಹೊಟ್ಟೆಗೆ ಒತ್ಕೊಂಡ್ಲು, ಆಮೇಲೆ ಪ್ಯಾಕೆಟ್ ತೊಡೆ ಮೇಲೆ ಬಂತು, ಕುತ್ತಿಗೆ ಪೂರ್ತಿ ಕೆಳಗೆ ಬಗ್ಗಿತು. ಆರು ನಿಮಿಷ ಆಗಿತ್ತು ಅಷ್ಟೆ. ಅಜ್ಜಿ ಒಳಗಿಂದ 400 ಗ್ರಾಂ ಅಕ್ಕಿ ತೂಗಿ ಚೀಲದಲ್ಲಿ ಕಟ್ಕೊಟ್ರು, ಅದನ್ನ ಹಿಡ್ಕೊಂಡು ಒಂದು ಎಪಿಸೋಡ್ ಪೂರ್ತಿ ನೋಡಿದ್ಲು. ಅಣ್ಣ ಪಕ್ಕದಲ್ಲೇ ಕೂತು ಎಲ್ಲಾ ನೋಡ್ತಿದ್ದ, ಏನೂ ಮಾತಾಡ್ಲಿಲ್ಲ, ಆದ್ರೆ ಸ್ಟೀಮ್ ಡೆಕ್ ಮಾತು ಆವತ್ತಿಗೆ ನಿಂತೋಯ್ತು. ಕನ್ಸೋಲ್ ತಗೊಳ್ಳೋ ಯಾರಿಗಾದ್ರೂ ನಾನು ಮೊದಲು ಹೇಳೋದು ಇದನ್ನೇ, ಡಬ್ಬಿ ಮೇಲೆ ಬರ್ದಿರೋ ಪ್ರೊಸೆಸರ್ ಆಮೇಲೆ ನೋಡಿ, ಮೊದಲು ಗ್ರಾಂ ನೋಡಿ.

ಪ್ಲೇಸ್ಟೇಷನ್ ಪೋರ್ಟಲ್ ಬಗ್ಗೆನೂ ಒಬ್ಬರು ಹೇಳಿದ್ರು. ಅದು ಮನೇಲಿರೋ ಪಿಎಸ್5, ಅಂದ್ರೆ ಟಿವಿಗೆ ಹಾಕಿ ಆಡೋ ಪ್ಲೇಸ್ಟೇಷನ್ ಮಷೀನಿಂದ ವೈಫೈ ಮೂಲಕ ಆಡೋಕೆ ಮಾಡಿರೋ ಸಾಧನ, ಪಿಎಸ್5 ಇಲ್ಲದ ಮನೆಗೆ ಅದನ್ನ ತಗೊಂಡು ಏನು ಮಾಡೋದು. ಮುಂದೆ ಹೋಗೋಣ.

ಉಳ್ದಿದ್ದು ನಿಂಟೆಂಡೊ ಸ್ವಿಚ್, ಕೈಯಲ್ಲಿ ಹಿಡ್ಕೊಂಡೂ ಆಡ್ಬಹುದು, ಟಿವಿಗೆ ಹಾಕಿನೂ ಆಡ್ಬಹುದು. ಇದ್ರಲ್ಲೂ ಆಗ ಮೂರು ಥರ. 2017ರಲ್ಲಿ ಬಂದ ಮಾಮೂಲಿ ಸ್ವಿಚ್, 6.2 ಇಂಚು, ಎರಡೂ ಪಕ್ಕ ಸಿಕ್ಕಿಸೋ ಕಂಟ್ರೋಲರ್, ಅಂದ್ರೆ ಜಾಯ್‌ಕಾನ್ ಸೇರಿ 398 ಗ್ರಾಂ, ಆಗ ಅಮೆರಿಕದಲ್ಲಿ 299.99 ಡಾಲರ್. 2019ರ ಲೈಟ್, 5.5 ಇಂಚು, 275 ಗ್ರಾಂ, 199.99 ಡಾಲರ್, ಟಿವಿಗೆ ಹಾಕಕ್ಕಾಗಲ್ಲ, ಜಾಯ್‌ಕಾನ್ ಬಿಚ್ಚಕ್ಕಾಗಲ್ಲ. 2021ರ ಓಲೆಡ್, 7 ಇಂಚು, 349.99 ಡಾಲರ್.

ಇಲ್ಲಿ ಎಲ್ಲರೂ ಹೇಳಿದ್ದು ಲೈಟ್ ತಗೊಳಿ, ಮಕ್ಕಳಿಗೆ ಅದೇ ಸರಿ, ಚಿಕ್ಕದು ಹಗುರ, ಇಬ್ಬರಿಗೂ ಒಂದೊಂದು ಕೊಟ್ರೆ ಜಗಳಾನೇ ಇಲ್ಲ ಅಂತ. ತಂಗಿಗೂ ಅದೇ ಸರಿ ಅನ್ಸಿತ್ತು. ನಾನು ಒಪ್ಲಿಲ್ಲ, ಯಾಕೆ ಅಂತ ಲೆಕ್ಕ ಹಾಕಿ ತೋರಿಸ್ದೆ. ಎರಡು ಲೈಟ್ ಅಂದ್ರೆ 400 ಡಾಲರ್. ಇಬ್ಬರೂ ಸೇರಿ ಮಾರಿಯೋ ಕಾರ್ಟ್ ಅನ್ನೋ ರೇಸ್ ಗೇಮ್ ಆಡ್ಬೇಕಂದ್ರೆ ಎರಡು ಮಷೀನಿಗೆ ಎರಡು ಕಾರ್ಡ್, ತಲಾ 60 ಡಾಲರ್. ನ್ಯೂಜೆರ್ಸಿಯ 6.625 ಪರ್ಸೆಂಟ್ ಟ್ಯಾಕ್ಸ್ ಸೇರಿದ್ರೆ 554 ಡಾಲರ್, ಡಾಲರಿಗೆ 85 ರೂಪಾಯಿ ಹಿಡಿದ್ರೆ 47 ಸಾವಿರ. ಅದೇ ಒಂದು ಮಾಮೂಲಿ ಸ್ವಿಚ್, ಒಂದು ಕಾರ್ಡು, ಟ್ಯಾಕ್ಸ್ ಸೇರಿ 384 ಡಾಲರ್, 32,600 ರೂಪಾಯಿ. ಇದಕ್ಕೆ ಎರಡು ಜಾಯ್‌ಕಾನ್ ಬಿಚ್ಚಿ ಅಡ್ಡ ಹಿಡ್ಕೊಂಡ್ರೆ ಡಬ್ಬಿಯಲ್ಲಿರೋದ್ರಲ್ಲೇ ಇಬ್ಬರು ಆಡ್ಬಹುದು, ಬೇರೆ ಏನೂ ಕೊಳ್ಳೋದು ಬೇಕಾಗಲ್ಲ. ಅದರ ಜೊತೆ ಬರೋ ಡಾಕ್ ಅನ್ನೋ ಸ್ಟ್ಯಾಂಡಲ್ಲಿ ಇಟ್ಟು ಎಚ್‌ಡಿಎಂಐ ಸಿಕ್ಕಿಸಿದ್ರೆ ಟಿವೀಲಿ ಬರತ್ತೆ, ಆಗ ಮಕ್ಕಳು ಸ್ಕ್ರೀನಿಂದ ಆರೇಳು ಅಡಿ ದೂರ ಇರ್ತಾರೆ, ಏನು ಆಡ್ತಿದ್ದಾರೆ ಅಂತ ಮನೆಯೋರಿಗೆಲ್ಲ ಕಾಣತ್ತೆ. ಅಜ್ಜನಿಗೆ ಹಿಡಿಸಿದ್ದು ಈ ಕೊನೇ ಮಾತು. ಬಜೆಟ್‌ಗಿಂತ ಹೆಚ್ಚಾಗಿದ್ದ 2,600 ರೂಪಾಯಿ ಅವರೇ ಕೊಟ್ರು.

ರಿಪೇರಿ ಲೆಕ್ಕಾನೂ ಇತ್ತು. ಜಾಯ್‌ಕಾನ್ ಕಡ್ಡಿ ಸವೆದು ಮುಟ್ಟದೇ ಇದ್ರೂ ತಾನೇ ಒಂದು ಕಡೆಗೆ ಎಳೆಯೋ ತೊಂದ್ರೆ, ಡ್ರಿಫ್ಟ್ ಅಂತಾರೆ, ಜಗತ್ತಿನಾದ್ಯಂತ ಗೊತ್ತಿರೋ ವಿಷ್ಯ. ಭಾರತದಲ್ಲಿ ನಿಂಟೆಂಡೊಗೆ ಅಧಿಕೃತ ಸರ್ವಿಸ್ ಸೆಂಟರ್ ಇಲ್ಲ, ಇಲ್ಲಿ ಅಂಗಡಿಗಳಲ್ಲಿ ಸಿಗೋದೆಲ್ಲ ಆಮದು ಮಾಲು, ವಾರಂಟಿ ಅಂದ್ರೆ ಅಂಗಡಿಯೋರು ಬಾಯಲ್ಲಿ ಹೇಳಿದ್ದೇ ವಾರಂಟಿ. ಲೈಟಲ್ಲಿ ಕಡ್ಡಿ ಕೆಟ್ರೆ ಪೂರ್ತಿ ಮಷೀನ್ ಬಿಚ್ಬೇಕು. ಮಾಮೂಲಿ ಸ್ವಿಚ್ಚಲ್ಲಿ ಕೆಟ್ಟ ಜಾಯ್‌ಕಾನ್ ಒಂದನ್ನೇ ತೆಗ್ದು ರಿಪೇರಿಗೆ ಕೊಡ್ಬಹುದು ಇಲ್ಲಾ ಬೇರೆ ತಗೋಬಹುದು, ಮಷೀನು ಮನೇಲೇ ಇರತ್ತೆ. ಅದರ ಸ್ಕ್ರೂಗಳು ಮೂರು ಗೆರೆಯ ವೈ ಆಕಾರದವು, ಮಾಮೂಲಿ ಸ್ಕ್ರೂಡ್ರೈವರ್ ಹಾಕಿ ತಿರುಗ್ಸಿದ್ರೆ ತಲೆ ಸವೆದು ಹೋಗತ್ತೆ, ಯಾರ ಕೈಗೆ ಕೊಡ್ತೀರೋ ಅವರ ಹತ್ರ ಆ ಟೂಲ್ ಇದೆಯಾ ಅಂತ ಮೊದ್ಲೇ ಕೇಳಿ.

ಓಲೆಡ್‌ಗೆ 50 ಡಾಲರ್ ಜಾಸ್ತಿ ಕೊಡ್ಬೇಕಾ ಅಂತ ಒಂದು ದಿನ ತಲೆಕೆಡಿಸ್ಕೊಂಡ್ವಿ. ಅದರ ಹಿಂದಿನ ಸ್ಟ್ಯಾಂಡ್ ಅಗಲವಾಗಿದೆ, ಗಟ್ಟಿ ನಿಲ್ಲತ್ತೆ, ಮಾಮೂಲಿಯದು ಒಂದು ಮೂಲೇಲಿ ಕಡ್ಡಿ ಥರ. ಟಿವೀಲಿ ಆಡೋರಿಗೆ ಅದರಿಂದ ವ್ಯತ್ಯಾಸ ಇಲ್ಲ, ಊಟದ ಮೇಜಿನ ಮೇಲಿಡೋಕೆ ಮೊಬೈಲ್ ಸ್ಟ್ಯಾಂಡ್ ಸಾಕು ಅಂತ ಬಿಟ್ವಿ. ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ ಒಂದು ಮಾತು, ಮಾಮೂಲಿ ಸ್ವಿಚ್ಚಲ್ಲಿ 2019ರಲ್ಲಿ ಒಳಗಿನ ಚಿಪ್ ಬದಲಾಯ್ತು, ಹಳೇದ್ರ ಬ್ಯಾಟರಿ ಎರಡೂವರೆಯಿಂದ ಆರೂವರೆ ಗಂಟೆ, ಹೊಸದು ನಾಲ್ಕೂವರೆಯಿಂದ ಒಂಬತ್ತು. ಹಿಂದೆ ಮಾಡೆಲ್ ನಂಬರ್ ಎಚ್‌ಎಸಿ-001 ಆದ್ಮೇಲೆ ಬ್ರ್ಯಾಕೆಟ್ಟಲ್ಲಿ (-01) ಇದ್ರೆ ಹೊಸದು.

ಚಿಕ್ಕಪ್ಪ ತಂದ್ರು. ಬ್ಯಾಟರಿ ಇರೋ ಸಾಮಾನು, ಹ್ಯಾಂಡ್ ಬ್ಯಾಗಲ್ಲೇ ಇಟ್ಕೊಂಡು ಬನ್ನಿ ಅಂತ ಮೊದ್ಲೇ ಹೇಳಿದ್ವಿ. ಆಗ ಊರಿಗೆ ಬರೋ ಭಾರತೀಯ ಪ್ರಯಾಣಿಕರಿಗೆ 50,000 ರೂಪಾಯಿವರೆಗೆ ಸುಂಕ ಇರ್ಲಿಲ್ಲ, ಅದರೊಳಗೇ ಇತ್ತು. ಚಾರ್ಜರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರ್ದಿರತ್ತೆ, ನಮ್ಮ ಕರೆಂಟಿಗೆ ಏನೂ ಆಗಲ್ಲ, ಪಿನ್ ಮಾತ್ರ ಚಪ್ಪಟೆ, ಅದಕ್ಕೊಂದು ಕನ್ವರ್ಟರ್. ಮೊಬೈಲ್ ಚಾರ್ಜರಲ್ಲೂ ನಿಧಾನಕ್ಕೆ ಚಾರ್ಜ್ ಆಗತ್ತೆ, ಆದ್ರೆ ಡಾಕಿಗೆ ಅದು ಸಾಲಲ್ಲ, ಟಿವಿಗೆ ಹಾಕ್ಬೇಕಂದ್ರೆ ಅದರ ಜೊತೆ ಬಂದ ಚಾರ್ಜರೇ ಬೇಕು. ಅವರ ಮಕ್ಕಳು ಆಡಿ ಮುಗ್ಸಿದ್ದ ಆ್ಯನಿಮಲ್ ಕ್ರಾಸಿಂಗ್ ಕಾರ್ಡನ್ನೂ ಕೊಟ್ಟು ಕಳ್ಸಿದ್ರು. ಸ್ವಿಚ್ಚಿಗೆ ರೀಜನ್ ಲಾಕ್ ಇಲ್ಲ, ಯಾವ ದೇಶದ ಕಾರ್ಡ್ ಆದ್ರೂ ನಡೆಯತ್ತೆ. ಆಟದ ಸೇವ್ ಕಾರ್ಡಲ್ಲಿ ಇರಲ್ಲ, ಮಷೀನಲ್ಲಿರತ್ತೆ, ಹಾಗಾಗಿ ಬೇರೆಯೋರು ಆಡಿದ ಕಾರ್ಡೂ ನಮಗೆ ಹೊಸದೇ.

ಮಕ್ಕಳ ಕೈಗೆ ಕೊಡೋಕೆ ಮುಂಚೆ ಹಿಂದಿನ ರಾತ್ರಿ ನಾನೂ ತಂಗೀನೂ ಕೂತು ಸೆಟ್ಟಿಂಗ್ ಮಾಡಿದ್ವಿ, ಇದನ್ನ ದಯವಿಟ್ಟು ಯಾರೂ ಬಿಡ್ಬೇಡಿ, ಮಕ್ಕಳ ಎದುರಿಗೆ ಡಬ್ಬಿ ಬಿಚ್ಚಿದ್ರೆ ಸೆಟ್ಟಿಂಗ್ ಮಾಡೋಕೆ ಬಿಡಲ್ಲ. ಭಾರತಕ್ಕೆ ಅಂತ ನಿಂಟೆಂಡೊ ಇಶಾಪ್, ಅಂದ್ರೆ ಅವರ ಆನ್‌ಲೈನ್ ಅಂಗಡಿ, ಇಲ್ಲದ್ರಿಂದ ತಂಗಿ ಅಕೌಂಟಲ್ಲಿ ದೇಶ ಅಮೆರಿಕ ಅಂತ ಹಾಕಿದ್ವಿ, ಗಿಫ್ಟ್ ಕಾರ್ಡ್ ಬೇಕಾದ್ರೆ ಅಲ್ಲಿಂದಾನೇ ಕಳಿಸ್ತಾರಲ್ಲ, ಅಮೆರಿಕದ ಗಿಫ್ಟ್ ಕಾರ್ಡ್ ಅಮೆರಿಕದ ಅಕೌಂಟಿಗೆ ಮಾತ್ರ ಹತ್ತೋದು. ಮಕ್ಕಳಿಬ್ಬರಿಗೂ ಚೈಲ್ಡ್ ಅಕೌಂಟ್, ತಂಗಿ ಅಕೌಂಟಿನ ಕೆಳಗೆ. ಬ್ಯಾಂಕ್ ಕಾರ್ಡ್ ನಂಬರ್ ಎಲ್ಲೂ ಕೊಡ್ಲಿಲ್ಲ. ಆಮೇಲೆ ತಂಗಿ ಫೋನಲ್ಲಿ ನಿಂಟೆಂಡೊದ ಪೇರೆಂಟಲ್ ಕಂಟ್ರೋಲ್ಸ್ ಆ್ಯಪ್. ಅದ್ರಲ್ಲಿ ದಿನಕ್ಕೆ ಎಷ್ಟು ಹೊತ್ತು ಅಂತ ಹಾಕ್ಬಹುದು, ರಾತ್ರಿ ಎಷ್ಟು ಗಂಟೆ ಆದ್ಮೇಲೆ ಬೇಡ ಅಂತ ಹಾಕ್ಬಹುದು, ಯಾರು ಯಾವ ಗೇಮ್ ಎಷ್ಟು ಹೊತ್ತು ಆಡಿದ್ರು ಅಂತ ತೋರಿಸತ್ತೆ.

ನಾನು ಇಲ್ಲಿ ಒಂದು ತಪ್ಪು ಮಾಡ್ದೆ. ಒಂದು ಗಂಟೆ ಅಂತ ಹಾಕ್ದೆ, ತಲಾ ಒಂದು ಗಂಟೆ ಅಂತ ಅಂದ್ಕೊಂಡು. ಆದ್ರೆ ಆ ಲಿಮಿಟ್ ಇಡೀ ಮಷೀನಿಗೆ ಅನ್ವಯ ಆಗೋದು, ಒಬ್ಬೊಬ್ಬ ಮಗುವಿಗೆ ಅಲ್ಲ. ಎರಡನೇ ದಿನ ದೊಡ್ಡೋನು ಸ್ಕೂಲಿಂದ ಮೊದಲು ಬಂದು 50 ನಿಮಿಷ ಆಡಿ ಬಿಟ್ಟಿದ್ದ, ಚಿಕ್ಕೋಳು ಬಂದು ಕೂತ ಹತ್ತು ನಿಮಿಷಕ್ಕೆ ಟೈಮ್ ಮುಗೀತು ಅಂತ ಬಂತು. ಅವಳು ಅತ್ತಿದ್ದು ಫೋನಲ್ಲೇ ನಂಗೆ ಕೇಳಿಸ್ತು. ಆಮೇಲೆ ಲಿಮಿಟ್ ಒಂದೂವರೆ ಗಂಟೆಗೆ ಏರ್ಸಿ, ಒಬ್ಬೊಬ್ಬರ ಪಾಲು ಮುಕ್ಕಾಲು ಗಂಟೆ ಅಂತ ಮಾಡಿ, ಒಂದು ಸಾದಾ ಕಿಚನ್ ಟೈಮರ್ ಟಿವಿ ಪಕ್ಕ ಇಟ್ವಿ. ಇಬ್ಬರೂ ಸೇರಿ ಆಡಿದ್ರೆ ಇಬ್ಬರಿಗೂ ಒಂದೂವರೆ ಗಂಟೆ ಪೂರ್ತಿ ಸಿಗತ್ತೆ, ಬೇರೆ ಬೇರೆ ಆಡಿದ್ರೆ ಮುಕ್ಕಾಲೇ. ಈ ಲೆಕ್ಕ ಮೊದಲು ಕಂಡುಹಿಡಿದಿದ್ದು ಚಿಕ್ಕೋಳು. ಅಣ್ಣನ ಹತ್ರ ಹೋಗಿ "ಜೊತೆಗೆ ಆಡಿದ್ರೆ ಜಾಸ್ತಿ ಕಣೋ" ಅಂದ್ಲಂತೆ, ತಂಗಿ ಫೋನ್ ಮಾಡಿ ಅದನ್ನ ಹೇಳಿದಾಗ ನಂಗೆ ಆದ ಖುಷಿ ಅಷ್ಟಿಷ್ಟಲ್ಲ. ಟೈಮ್ ಮುಗಿದ ಕೂಡ್ಲೇ ಗೇಮನ್ನ ತಾನೇ ನಿಲ್ಲಿಸೋ ಆಪ್ಷನ್ ಒಂದಿದೆ, ಅದನ್ನ ಹಾಕ್ಲಿಲ್ಲ. ರೇಸಿನ ಕೊನೇ ಸುತ್ತಲ್ಲಿ ಸ್ಕ್ರೀನ್ ಕಪ್ಪಾದ್ರೆ ಯಾರಿಗೆ ತಾನೇ ಸಿಟ್ಟು ಬರಲ್ಲ, ಬರೀ ಸೂಚನೆ ಬರ್ಲಿ, ಆ ರೇಸ್ ಮುಗ್ಸಿ ಏಳ್ಲಿ.

ಮೊದಲ ದಿನದ ಒಂದು ಸಣ್ಣ ಘಟನೆ. ಸ್ವಿಚ್ ಕಾರ್ಡುಗಳು ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡವು, ಮಕ್ಕಳು ನುಂಗಬಾರ್ದು ಅಂತ ಅದರ ಮೇಲೆ ಡೆನಟೋನಿಯಂ ಬೆಂಜೊಯೇಟ್ ಅನ್ನೋ ಭಯಂಕರ ಕಹಿ ಪದಾರ್ಥ ಲೇಪಿಸಿರ್ತಾರೆ. ನಾನು ಇದನ್ನ ಇಬ್ಬರಿಗೂ ಹೇಳ್ದೆ. ಹೇಳಿದ್ದೇ ತಪ್ಪಾಯ್ತು, ಎರಡು ನಿಮಿಷಕ್ಕೆ ಚಿಕ್ಕೋಳು ನಾಲಿಗೆ ಹೊರಗೆ ಚಾಚ್ಕೊಂಡು ನಲ್ಲಿ ಕಡೆ ಓಡಿದ್ಲು. ಅಜ್ಜಿ ಬೆಲ್ಲದ ಚೂರು ಕೊಟ್ಟು ಸಮಾಧಾನ ಮಾಡಿದ್ರು.

ಗೇಮಿನ ಆಯ್ಕೇಲಿ ಯಾರೂ ಹೇಳದ ಒಂದು ವಿಷ್ಯ ಇದೆ, ಓದೋದು. ಸ್ವಿಚ್ಚಲ್ಲಿ ಕನ್ನಡ ಇಲ್ಲ. ನಮ್ಮ ಚಿಕ್ಕೋಳಿಗೆ ಇಂಗ್ಲಿಷ್ ಇನ್ನೂ ಅಕ್ಷರ ಕೂಡಿಸಿ ಓದೋ ಹಂತ. ಮಾರಿಯೋ ಕಾರ್ಟಿಗೆ ಓದು ಬೇಕಾಗಿಯೇ ಇಲ್ಲ, ಗಾಡಿ ಓಡಿಸ್ಬೇಕು ಅಷ್ಟೆ, ಮೇಲಾಗಿ ಸ್ಮಾರ್ಟ್ ಸ್ಟೀರಿಂಗ್ ಅಂತ ಇದೆ, ಅದು ಆನ್ ಇದ್ರೆ ಗಾಡಿ ರಸ್ತೆ ಬಿಟ್ಟು ಬೀಳಲ್ಲ. ಅಜ್ಜಿ ಕೂಡ ಜಾಯ್‌ಕಾನ್ ಹಿಡ್ಕೊಂಡು ಎರಡು ರೇಸ್ ಮುಗ್ಸಿದ್ರು. ಆನ್ ಇದ್ದಾಗ ಗಾಡಿ ಹಿಂದೆ ಒಂದು ಸಣ್ಣ ಆಂಟೆನಾ ಕಾಣತ್ತೆ. ಫೆಬ್ರವರಿಯಲ್ಲಿ ಚಿಕ್ಕೋಳು ಅದನ್ನ ಗಮನಿಸಿ "ಅಣ್ಣನ ಗಾಡಿಗೆ ಆ ಕಡ್ಡಿ ಇಲ್ಲ, ನಂಗೂ ಬೇಡ, ತೆಗೀರಿ" ಅಂತ ಹಟ ಮಾಡಿ ತೆಗೆಸಿದ್ಲು, ಒಂದು ವಾರ ಪ್ರತಿ ರೇಸಲ್ಲೂ ಕೊನೆಗೆ ಬಂದ್ಲು, ಮತ್ತೆ ಹಾಕಿ ಅಂತ ಮಾತ್ರ ಕೇಳ್ಲಿಲ್ಲ.

ಆ್ಯನಿಮಲ್ ಕ್ರಾಸಿಂಗ್ ಪೂರ್ತಿ ಉಲ್ಟಾ, ಇಡೀ ಆಟ ಮಾತುಕತೆ. ದ್ವೀಪದಲ್ಲಿ ಮನೆ ಕಟ್ಕೊಂಡು, ಮೀನು ಹಿಡಿದು, ಹಣ್ಣು ಕಿತ್ತು, ಪ್ರಾಣಿಗಳ ಜೊತೆ ಇರೋದು. ಅಣ್ಣ ಓದಿ ಕನ್ನಡದಲ್ಲಿ ಹೇಳ್ಬೇಕು, ಅವಳು ಆಡ್ಬೇಕು. ಟಾಮ್ ನೂಕ್ ಅಂತ ಒಂದು ಪ್ರಾಣಿ ಮನೆ ಕಟ್ಟೋಕೆ ಸಾಲ ಕೊಡತ್ತೆ, ಬಡ್ಡಿ ಇಲ್ಲ, ಗಡುವೂ ಇಲ್ಲ. ಬ್ಯಾಂಕಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ಅಜ್ಜ ಪೇಪರ್ ಕೆಳಗಿಟ್ಟು "ಬಡ್ಡಿ ಇಲ್ವಾ? ಎಷ್ಟು ಕೊಟ್ಟ? ನೀನು ಎಷ್ಟು ಕಟ್ಟಿದೀಯ?" ಅಂತ ಕೇಳಿ ಒಂದು ಹಳೇ ಡೈರಿ ತಂದು ಕೊಟ್ರು. ಈಗ ಚಿಕ್ಕೋಳು ಅದ್ರಲ್ಲಿ ಸಾಲದ ಬಾಕಿ ಬರ್ದಿಡ್ತಾಳೆ, ಕಳೆಯೋ ಲೆಕ್ಕ ಅಜ್ಜ ತಿದ್ತಾರೆ. ಮೂರನೇ ಸ್ಕ್ರೀನ್ ಯಾಕೆ ಅಂತ ಕೇಳಿದ ಅಜ್ಜ ಇವ್ರೇ.

ಆದ್ರೆ ಅದಕ್ಕಿಂತ ಮುಂಚೆ ದೊಡ್ಡ ರಂಪ ಆಗಿತ್ತು. ಈ ಆಟದಲ್ಲಿ ಒಂದು ಮಷೀನಿಗೆ ಒಂದೇ ದ್ವೀಪ, ಎಷ್ಟು ಜನ ಆಡಿದ್ರೂ ಅದೇ. ಯಾರು ಮೊದಲು ಶುರು ಮಾಡ್ತಾರೋ ಅವರೇ ದ್ವೀಪದ ಯಜಮಾನ, ಸೇತುವೆ ಎಲ್ಲಿ ಕಟ್ಬೇಕು, ಕಥೆ ಮುಂದಕ್ಕೆ ಹೋಗೋದು ಎಲ್ಲಾ ಅವರ ಕೈಯಲ್ಲಿ. ನಂಗೆ ಇದು ಗೊತ್ತಿರ್ಲಿಲ್ಲ. ದೊಡ್ಡೋನೇ ಮೊದಲು ಒತ್ತಿದ್ದ, ಮೂರು ದಿನಕ್ಕೆ ಅವನಿಗೆ ಬೇಜಾರಾಗಿ ಬಿಟ್ಟ, ಚಿಕ್ಕೋಳು ಸೇತುವೆ ಇಲ್ದೆ ಹೊಳೆಯ ಈ ಕಡೇನೇ ನಿಂತಿದ್ಲು. ಎರಡು ವಾರ ಆದ್ಮೇಲೆ ತಂಗಿ ನಂಗೆ ವಿಷ್ಯ ಹೇಳಿದ್ದು. ಸರಿ ಮಾಡೋಕೆ ಇದ್ದ ಸುಲಭದ ದಾರಿ ಅಂದ್ರೆ ದ್ವೀಪದ ಸೇವ್ ಪೂರ್ತಿ ಅಳಿಸಿ ಅವಳ ಹೆಸರಲ್ಲಿ ಮೊದಲಿಂದ ಶುರು ಮಾಡೋದು. ಅಣ್ಣನ ಒಪ್ಪಿಗೆ ಇಲ್ದೆ ಅಳಿಸ್ಬೇಡಿ ಅಂತ ನಾನು ಹೇಳ್ದೆ. ಅವ್ನು ಅರ್ಧ ದಿನ ಯೋಚಿಸಿ, ತನ್ನ ಮನೆ ಹೊಳೆ ಪಕ್ಕಾನೇ ಇರ್ಬೇಕು ಅಂತ ಷರತ್ತು ಹಾಕಿ ಒಪ್ಪಿದ. ಇಬ್ಬರು ಮಕ್ಕಳಿರೋ ಮನೇಲಿ ಈ ಗೇಮ್ ಹಾಕೋ ಮುಂಚೆ ಯಾರಿಗೆ ಇದು ನಿಜವಾಗ್ಲೂ ಬೇಕು ಅಂತ ನೋಡಿ, ಅವರ ಕೈಯಿಂದಾನೇ ಮೊದಲ ಬಟನ್ ಒತ್ತಿಸಿ.

ಏಪ್ರಿಲ್ ರಜೆಯಲ್ಲಿ ಇಬ್ಬರೂ ಜನಶತಾಬ್ದಿ ರೈಲಲ್ಲಿ ಬೆಂಗಳೂರಿಗೆ ಬಂದ್ರು. ಸ್ವಿಚ್ ಬ್ಯಾಗಲ್ಲಿತ್ತು, ಸ್ಟ್ಯಾಂಡ್ ಮೇಲೆ ನಿಲ್ಸಿ ಅರಸೀಕೆರೆ ತನಕ ಆಡಿದ್ರಂತೆ, ಆಮೇಲೆ ಪಕ್ಕದ ಸೀಟಿನ ಹುಡುಗನಿಗೂ ಒಂದು ಜಾಯ್‌ಕಾನ್ ಕೊಟ್ಟು ಸರದಿ ಪ್ರಕಾರ ಆಡಿದ್ರಂತೆ. ಗೇಮು ಒಟ್ಟು ಎರಡೇ, ಇನ್ನೂ ಮೂರನೇದು ಕೊಡ್ಸಿಲ್ಲ, ಅವ್ರೂ ಕೇಳಿಲ್ಲ. ಆ್ಯಪಲ್ಲಿ ನೋಡಿದ್ರೆ ವಾರದಲ್ಲಿ ಎರಡು ಮೂರು ದಿನ ಮುಟ್ಟಿರೋದೇ ಇಲ್ಲ. ತಂಗಿ ಫೋನಲ್ಲಿ ಗೇಮ್ ಮತ್ತೆ ಬಂದಿಲ್ಲ.

2025ರ ಜೂನ್ 5ಕ್ಕೆ ಸ್ವಿಚ್ 2 ಬಂತು. ಆಗ "ಆರು ತಿಂಗಳು ಕಾದಿದ್ರೆ ಹೊಸದೇ ಸಿಕ್ತಿತ್ತಲ್ಲ" ಅಂತ ತಂಗಿ ಗಂಡ ಅಂದ್ರು. ನಂಗೆ ಹಾಗನ್ಸಲ್ಲ. ಅದು ಬಂದಾಗ 449.99 ಡಾಲರ್, ಸ್ಕ್ರೀನ್ 7.9 ಇಂಚು, ಮೆಮೊರಿ ಕಾರ್ಡೂ ಹಳೇದು ಆಗಲ್ಲ, ಎಕ್ಸ್‌ಪ್ರೆಸ್ ಅನ್ನೋ ಹೊಸ ಥರದ್ದೇ ಬೇಕು. ನಮ್ಮ ಹತ್ರ ಇರೋ ಎರಡೂ ಕಾರ್ಡ್ ಅದ್ರಲ್ಲೂ ನಡೆಯತ್ತೆ, ಹಾಗಾಗಿ ಮುಂದೆ ಯಾವತ್ತಾದ್ರೂ ತಗೊಂಡ್ರೂ ಈಗ ಹಾಕಿದ ದುಡ್ಡು ಹೋಗಲ್ಲ.

ಕಳೆದ ಭಾನುವಾರ ದೊಡ್ಡೋನು ವಿಡಿಯೋ ಕಾಲ್ ಮಾಡ್ದ, ಕೈಯಲ್ಲಿ ಹಾಲಿನ ಪ್ಯಾಕೆಟ್ ಇತ್ತು. 2025ರ ಏಪ್ರಿಲ್ಲಿಂದ ನಂದಿನಿ ಮತ್ತೆ 500 ಎಂಎಲ್‌ಗೆ ಬಂದಿದೆಯಲ್ಲ, ಅದನ್ನ ತಕ್ಕಡಿ ಮೇಲಿಟ್ಟು ಕ್ಯಾಮೆರಾಗೆ ತೋರಿಸ್ದ. "ಮಾಮ, ಇದು 515. ಸ್ವಿಚ್ 2 ಕಂಟ್ರೋಲರ್ ಸೇರಿ 534 ಅಂತೆ. ಪುಟ್ಟಿಗೆ ಹಿಡಿಯೋಕೆ ಆಗಲ್ಲ, ಅವಳಿಗೆ ಇನ್ನೊಂದೆರಡು ವರ್ಷ ಬೇಕು. ಅಷ್ಟರ ತನಕ ಇದೇ ಇರ್ಲಿ ಬಿಡಿ" ಅಂದ.